ತಿಮಿಂಗಿಲ ಶಾರ್ಕ್ ಉಳಿಸಿ ಅಭಿಯಾನ, ಗುಜರಾತ್

ತಿಮಿಂಗಿಲ ಶಾರ್ಕ್ ಉಳಿಸಿ ಅಭಿಯಾನವು ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ 2004ರ ಜನವರಿಯಲ್ಲಿ ಆರಂಭವಾದ ಜನಜಾಗೃತಿ ಕಾರ್ಯಕ್ರಮ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಕಂಪನಿ ಕೈಜೋಡಿಸಿ ಇದನ್ನು ನಡೆಸಿದವು. ಅದಕ್ಕೆ ಕೆಲವೇ ವರ್ಷ ಮೊದಲು ಇದೇ ದಡದಲ್ಲಿ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಕೊಕ್ಕೆ ಹಾಕಿ ಎಳೆದು ತಂದು ಕಡಿಯುತ್ತಿದ್ದರು. ಅಭಿಯಾನದ ನಂತರ ಅದೇ ಊರುಗಳ ಮೀನುಗಾರರು ತಮ್ಮ ಬಲೆಯನ್ನು ತಾವೇ ಕೊಯ್ದು 700ಕ್ಕೂ ಹೆಚ್ಚು ಮೀನುಗಳನ್ನು ಜೀವಸಹಿತ ಕಡಲಿಗೆ ಬಿಟ್ಟಿದ್ದಾರೆ. ಭಾರತದಲ್ಲಿ ಸಾಗರ ಸಂರಕ್ಷಣೆಯ ಅರಿವನ್ನು ಜನರ ನಡುವೆ ಮೂಡಿಸಿದ ಪ್ರಯತ್ನಗಳಲ್ಲಿ ಇಷ್ಟು ಸ್ಪಷ್ಟವಾದ ಫಲ ಕಂಡವು ಕಡಿಮೆ.

ಹೆಸರಿನಲ್ಲಿ ತಿಮಿಂಗಿಲವಿದ್ದರೂ ಈ ಪ್ರಾಣಿ ತಿಮಿಂಗಿಲವಲ್ಲ. ತಿಮಿಂಗಿಲ ಮರಿಗೆ ಹಾಲೂಡಿಸುವ ಸಸ್ತನಿ. ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ತಿಮಿಂಗಿಲ ಶಾರ್ಕ್ ಕಿವಿರಿನಲ್ಲಿ ಉಸಿರಾಡುವ, ಮೂಳೆಯ ಬದಲು ಮೃದ್ವಸ್ಥಿಯ ಹಂದರವುಳ್ಳ ಮೀನು. ಉಡುಪಿ, ದಕ್ಷಿಣ ಕನ್ನಡದ ಕಡೆ ತಾಟೆ ಎಂದು ಕರೆಯುವ ಶಾರ್ಕ್‌ಗಳ ಬಳಗಕ್ಕೆ ಸೇರಿದ್ದು. ಇಂದು ಬದುಕಿರುವ ಮೀನುಗಳಲ್ಲೆಲ್ಲ ಇದೇ ದೊಡ್ಡದು. ಬೆಳೆದ ಮೀನು 12 ಮೀಟರ್, ಅಂದರೆ ಉದ್ದನೆಯ ಸಿಟಿ ಬಸ್ಸಿನಷ್ಟು ಇರುವುದು ಅಪರೂಪವಲ್ಲ. 18 ಮೀಟರ್ ಮುಟ್ಟಿದವೂ ದಾಖಲಾಗಿವೆ. ಇಷ್ಟು ದೊಡ್ಡ ದೇಹವಿದ್ದರೂ ಇದರ ಆಹಾರ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು), ಮೀನಿನ ಮೊಟ್ಟೆ, ಸಣ್ಣ ಮೀನು. ಬಾಯಿ ತಲೆಯ ಅಡಿಯಲ್ಲಿರದೆ ಮುಂಭಾಗದಲ್ಲಿದ್ದು ಒಂದೂವರೆ ಮೀಟರಿನವರೆಗೆ ಅಗಲವಾಗಿರುತ್ತದೆ. ಅದನ್ನು ತೆರೆದುಕೊಂಡು ಮೆಲ್ಲಗೆ ಈಜುತ್ತ, ಒಳಬಂದ ನೀರನ್ನು ಕಿವಿರುಗಳ ಮೂಲಕ ಸೋಸಿ ಹೊರಬಿಡುತ್ತದೆ. ಸಾವಿರಾರು ಹಲ್ಲುಗಳಿದ್ದರೂ ಒಂದೊಂದೂ ತೀರಾ ಚಿಕ್ಕದು, ಕಚ್ಚುವ ಕೆಲಸಕ್ಕೆ ಬಾರದ್ದು. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ.

ಬೂದು ಮಿಶ್ರಿತ ನೀಲಿ ಬೆನ್ನಿನ ಮೇಲೆ ಬಿಳಿಯ ಚುಕ್ಕೆಗಳೂ ಗೆರೆಗಳೂ ಸಾಲುಗಟ್ಟಿರುತ್ತವೆ. ಗೆರೆ ಎಳೆಯುವ ಮುನ್ನ ಅಂಗಳದಲ್ಲಿ ಇಟ್ಟ ರಂಗೋಲಿಯ ಚುಕ್ಕಿಗಳಂತೆ ಕಾಣುವ ಈ ವಿನ್ಯಾಸ ಒಂದು ಮೀನಿಗಿದ್ದಂತೆ ಇನ್ನೊಂದಕ್ಕೆ ಇರುವುದಿಲ್ಲ. ಆದ್ದರಿಂದ ಫೋಟೋ ನೋಡಿಯೇ ಮೀನನ್ನು ಗುರುತು ಹಿಡಿಯಬಹುದು. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳ ಜೋಡಣೆಯನ್ನು ಹೊಂದಿಸಿ ನೋಡಲು ಖಗೋಳಶಾಸ್ತ್ರಜ್ಞರು ರೂಪಿಸಿದ್ದ ಗಣಿತ ವಿಧಾನವನ್ನೇ ಈ ಗುರುತಿಗೂ ಅಳವಡಿಸಿಕೊಳ್ಳಲಾಗಿದೆ.

ವಿಜ್ಞಾನಕ್ಕೆ ಈ ಮೀನು ಪರಿಚಯವಾದದ್ದು 1828ರಲ್ಲಿ, ದಕ್ಷಿಣ ಆಫ್ರಿಕಾದ ಟೇಬಲ್ ಕೊಲ್ಲಿಯಲ್ಲಿ ಸಿಕ್ಕ ಒಂದನ್ನು ಆಂಡ್ರ್ಯೂ ಸ್ಮಿತ್ ವಿವರಿಸಿದಾಗ. ಆದರೂ ಅದರ ಸಂತಾನದ ವಿಷಯ ಬಹುಕಾಲ ಕತ್ತಲಲ್ಲೇ ಉಳಿಯಿತು. 1995ರಲ್ಲಿ ತೈವಾನಿನಲ್ಲಿ ಹಿಡಿದ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಸುಮಾರು 300 ಭ್ರೂಣಗಳು ಕಂಡವು. ಮೊಟ್ಟೆ ತಾಯಿಯ ಒಡಲೊಳಗೇ ಒಡೆದು ಮರಿ ಹೊರಬರುತ್ತದೆ ಎಂಬುದು ಅದರಿಂದ ಖಚಿತವಾಯಿತು. ಪ್ರಾಯಕ್ಕೆ ಬರಲು ಇದಕ್ಕೆ ಇಪ್ಪತ್ತೈದು ಮೂವತ್ತು ವರ್ಷ ಬೇಕು. ಬೂತಾಯಿ, ಬಂಗುಡೆಯಂಥ ಮೀನುಗಳು ಒಂದೆರಡು ವರ್ಷದಲ್ಲಿ ಬಲಿತು ಮೊಟ್ಟೆಯಿಟ್ಟು ನಷ್ಟವನ್ನು ತುಂಬಿಕೊಳ್ಳುತ್ತವೆ. ಕಾಲು ಶತಮಾನ ಕಾದು ಬಲಿತ ತಿಮಿಂಗಿಲ ಶಾರ್ಕ್ ಒಂದನ್ನು ಕೊಂದರೆ ಆ ಜಾಗ ತುಂಬಲು ಮತ್ತೆ ಕಾಲು ಶತಮಾನ ಕಾಯಬೇಕು.

ಚಳಿಗಾಲದಲ್ಲಿ ಉತ್ತರ ಅರಬ್ಬೀ ಸಮುದ್ರದ ಮೇಲುನೀರು ತಣಿದು ಕೆಳಗಿಳಿಯುತ್ತದೆ, ಆಳದ ಪೋಷಕಾಂಶಗಳು ಮೇಲೇರಿ ಪ್ಲವಕ ಹುಲುಸಾಗಿ ಬೆಳೆಯುತ್ತದೆ. ಸೌರಾಷ್ಟ್ರದ ಮುಂದೆ ಕಡಲಿನ ತಳ ಬಹುದೂರದವರೆಗೆ ಆಳವಿಲ್ಲದೆ ಹರಡಿದೆ. ವೆರಾವಳ, ಸೂತ್ರಾಪಾಡಾ, ಧಾಮಳೇಜ್, ಮಾಂಗ್ರೋಳ್ ಊರುಗಳ ಎದುರಿನ ನೀರಿಗೆ ತಿಮಿಂಗಿಲ ಶಾರ್ಕ್‌ಗಳು ಗುಂಪಾಗಿ ಬರಲು ಈ ಮೇವಿನ ಸಮೃದ್ಧಿ ಒಂದು ಕಾರಣ. ವೆರಾವಳ ದೇಶದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಮೀನು ಬರುವುದೂ ಬೋಟುಗಳು ಕಿಕ್ಕಿರಿಯುವುದೂ ಒಂದೇ ನೀರಿನಲ್ಲಿ.

ಇಲ್ಲಿಯ ಖಾರ್ವಾ, ಕೋಳಿ ಸಮುದಾಯಗಳ ಮೀನುಗಾರರು ಮೊದಲು ಇದನ್ನು ಹಿಡಿಯುತ್ತಿದ್ದದ್ದು ಯಕೃತ್ತಿನ ಎಣ್ಣೆಗಾಗಿ. ಮರದ ದೋಣಿಯ ಹಲಗೆಗೆ ನೀರು ಇಳಿಯದಂತೆ ಆ ಎಣ್ಣೆಯನ್ನು ಬಳಿಯುತ್ತಿದ್ದರು. ಕನ್ನಡದ ಕರಾವಳಿಯಲ್ಲಿ ದೋಣಿಗೆ ಮೀನೆಣ್ಣೆ ಬಳಿಯುವ ರೂಢಿಯಂಥದೇ ಇದು. ಊರಿನ ಅಗತ್ಯದಷ್ಟೇ ಬೇಟೆ. ಪರಿಸ್ಥಿತಿ ತಲೆಕೆಳಗಾದದ್ದು 1990ರ ದಶಕದಲ್ಲಿ. ತೈವಾನಿನಲ್ಲಿ ಈ ಮೀನಿನ ಬಿಳಿಯ, ಮೆತ್ತನೆಯ ಮಾಂಸಕ್ಕೆ ಭಾರೀ ಬೇಡಿಕೆ ಹುಟ್ಟಿ ಸೌರಾಷ್ಟ್ರದಿಂದ ರಫ್ತು ಶುರುವಾಯಿತು. ನೀರಿನ ಮೇಲ್ಮೈಗೆ ಬಂದು ಮೇಯುವ ಮೀನಿಗೆ ದೊಡ್ಡ ಕಬ್ಬಿಣದ ಕೊಕ್ಕೆ ಹೊಡೆದು, ಹಗ್ಗದ ಇನ್ನೊಂದು ತುದಿಗೆ ಖಾಲಿ ಪೀಪಾಯಿಗಳನ್ನು ಕಟ್ಟುತ್ತಿದ್ದರು. ಪೀಪಾಯಿಗಳು ತೇಲುವುದರಿಂದ ಮೀನು ಆಳಕ್ಕಿಳಿಯಲಾಗದೆ ಎಳೆದಾಡಿ ಸೋಲುತ್ತಿತ್ತು. ಆಮೇಲೆ ಅದನ್ನು ಬೋಟಿಗೆ ಕಟ್ಟಿ ದಡಕ್ಕೆ ಎಳೆದು ತರುತ್ತಿದ್ದರು. ಈ ಪೀಪಾಯಿಗಳಿಂದಾಗಿ ಮೀನಿಗೇ ಬ್ಯಾರಲ್ ಎಂಬ ಹೆಸರು ಬಿತ್ತು. ಕೊಲ್ಲುವ ಸಾಧನವೇ ಕೊಲ್ಲಿಸಿಕೊಳ್ಳುವ ಜೀವಿಯ ಹೆಸರಾಗಿದ್ದ ಆ ದಡದಲ್ಲಿ ಅಭಿಯಾನ ತನ್ನ ಕೆಲಸವನ್ನು ಆರಂಭಿಸಬೇಕಾಗಿತ್ತು.

ಹೊರಜಗತ್ತಿಗೆ ಈ ಬೇಟೆಯನ್ನು ತೋರಿಸಿದ್ದು ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ ‘ಶೋರ್ಸ್ ಆಫ್ ಸೈಲೆನ್ಸ್’. 2000ದಲ್ಲಿ ಬಂದ ಈ ಚಿತ್ರಕ್ಕೆ ಹಸಿರು ಆಸ್ಕರ್ ಎಂದು ಹೆಸರಾದ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಸಿಕ್ಕಿತು. ಮರುವರ್ಷ, 2001ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗಳ ಸಾಲಿನಲ್ಲಿ ಜಾಗ ಪಡೆದ ಮೊದಲ ಮೀನು ಇದು. ಮಾಲ್ಡೀವ್ಸ್ 1995ರಲ್ಲಿ, ಫಿಲಿಪೈನ್ಸ್ 1998ರಲ್ಲಿ ಆಗಲೇ ಬೇಟೆಯನ್ನು ನಿಷೇಧಿಸಿದ್ದವು. 2002ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೂ ಇದು ಸೇರಿತು.

ಕಾಯಿದೆ ಬಂತು, ಆದರೆ ಕಡಲಿಗೆ ಬೇಲಿಯಿಲ್ಲ. ಕಾಡಿನಲ್ಲಿ ಗಾರ್ಡ್ ಇರುತ್ತಾನೆ, ಚೆಕ್‌ಪೋಸ್ಟ್ ಇರುತ್ತದೆ. ದಡದಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ರಾತ್ರಿ ಬಲೆಗೆ ಬಿದ್ದ ಮೀನಿಗೆ ಏನಾಯಿತು ಎಂಬುದು ಬೋಟಿನ ಮೇಲಿದ್ದವರಿಗೆ ಮಾತ್ರ ಗೊತ್ತು. ಇಲಾಖೆಗಳ ನಡುವಿನ ಗಡಿಯೂ ಒಂದು ತೊಡಕು. ಮೀನುಗಾರರಿಗೆ ನಿತ್ಯದ ಒಡನಾಟ ಮೀನುಗಾರಿಕೆ ಇಲಾಖೆಯೊಂದಿಗೆ. ಈ ಮೀನು ಮಾತ್ರ ಅರಣ್ಯ ಇಲಾಖೆಗೆ ಸೇರಿದ ವನ್ಯಜೀವಿ ಎಂದು ಅವರಿಗೆ ತಿಳಿಸಿದವರು ಇರಲಿಲ್ಲ. 2001ರ ಜುಲೈಯಲ್ಲಿ ಸರ್ಕಾರ ಎಲ್ಲ ಬಗೆಯ ಶಾರ್ಕ್, ತೊರಕೆಗಳನ್ನೂ ಒಮ್ಮೆಲೇ ನಿಷೇಧಿಸಿ, ಮೀನುಗಾರರ ವಿರೋಧದ ನಂತರ ಡಿಸೆಂಬರಿನಲ್ಲಿ ಕೆಲವೇ ಪ್ರಭೇದಗಳಿಗೆ ಸೀಮಿತಗೊಳಿಸಿತ್ತು. ಯಾವುದನ್ನು ಹಿಡಿಯಬಹುದು, ಯಾವುದನ್ನು ಹಿಡಿಯಬಾರದು ಎಂಬ ಗೊಂದಲ ಬಂದರುಗಳಲ್ಲಿ ಉಳಿದದ್ದು ಸಹಜವೇ. ಅಭಿಯಾನಕ್ಕೆ ಮುನ್ನ ನಡೆಸಿದ ಸಮೀಕ್ಷೆಯಲ್ಲೂ ಈ ಮೀನಿನ ಬಗ್ಗೆ, ಕಾಯಿದೆಯ ಬಗ್ಗೆ ಜನರಿಗಿದ್ದ ತಿಳಿವಳಿಕೆ ಬಹಳ ಕಡಿಮೆ ಎಂದು ಕಂಡುಬಂತು.

ಅಭಿಯಾನದ ಮುಖವಾಗಿ ಒಪ್ಪಿಕೊಂಡವರು ರಾಮಕಥೆಯಿಂದ ಗುಜರಾತಿನ ಮನೆಮಾತಾಗಿರುವ ಮೊರಾರಿ ಬಾಪು. ಕರಾವಳಿ ಪಟ್ಟಣವಾದ ಮಹುವಾದ ಪಕ್ಕದ ತಲಗಾಜರಡಾ ಅವರ ಊರು. ಅವರು ಈ ಮೀನನ್ನು ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಹೋಲಿಸಿದರು. ದೂರದ ಕಡಲುಗಳನ್ನು ದಾಟಿ ಮರಿ ಹಾಕಲು ಗುಜರಾತಿನ ನೀರಿಗೆ ಬರುವವಳು ಮನೆಮಗಳು, ಅವಳನ್ನು ಕೊಲ್ಲುವುದುಂಟೇ ಎಂಬುದು ಅವರ ಮಾತಿನ ಸಾರ. ಬ್ಯಾರಲ್ ಹೋಗಿ ‘ವ್ಹಾಲಿ’ ಬಂತು. ಗುಜರಾತಿಯಲ್ಲಿ ಅದಕ್ಕೆ ಅಕ್ಕರೆಯವಳು, ಮುದ್ದಿನವಳು ಎಂದರ್ಥ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವ, ಬಾಣಂತನ ಮುಗಿಸಿ ಮಡಿಲು ತುಂಬಿ ಕಳಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಇರುವಂತೆ ಸೌರಾಷ್ಟ್ರದಲ್ಲೂ ಇದೆ. ಬಸುರಿ ಮಗಳ ಮೇಲೆ ಕೈಯೆತ್ತುವ ತಂದೆಯನ್ನು ಯಾವ ಊರೂ ಸಹಿಸದು. ಅನುಸೂಚಿ, ಪ್ರಭೇದ, ದಂಡ, ಜೈಲು ಎಂಬ ಪದಗಳಿಗೆ ಮೀನುಗಾರರ ಮನೆಯೊಳಗೆ ಪ್ರವೇಶವಿರಲಿಲ್ಲ. ‘ಮಗಳು’ ಎಂಬ ಪದ ನೇರವಾಗಿ ಅಡುಗೆಮನೆಯವರೆಗೆ ಹೋಯಿತು.

ಈ ಮಾತನ್ನು ಊರೂರಿಗೆ ಮುಟ್ಟಿಸಿದ್ದು ಬೀದಿನಾಟಕ ಮತ್ತು ಗಾಳಿ ತುಂಬಿದ ಒಂದು ದೊಡ್ಡ ಬೊಂಬೆ. ಬೊಂಬೆ ನಿಜವಾದ ಮೀನಿನಷ್ಟೇ ಉದ್ದವಿತ್ತು. ಕಡಲಿಗೆ ಹೋಗದ ಹೆಂಗಸರು, ಮಕ್ಕಳು ಈ ಮೀನನ್ನು ಇಡಿಯಾಗಿ ಕಂಡವರಲ್ಲ. ದಡದಲ್ಲಿ ಕಡಿದ ತುಂಡುಗಳನ್ನು ಮಾತ್ರ ಕಂಡವರು. ಊರ ಬಯಲಿನಲ್ಲಿ ಬೆನ್ನ ಮೇಲೆ ಚುಕ್ಕೆ ಹೊತ್ತು ನಿಂತ ಬಸ್ಸಿನುದ್ದದ ಮೀನಿನ ಸುತ್ತ ಮಕ್ಕಳು ಓಡಾಡಿ, ಮುಟ್ಟಿ ನೋಡುವಾಗ ಅದರ ಗಾತ್ರ, ಬಣ್ಣ, ಸಾಧುತನ ಮೊದಲ ಬಾರಿ ಕಣ್ಣಿಗೆ ಬಿತ್ತು. ನಾಟಕದಲ್ಲಿ ಮೀನುಗಾರನೊಬ್ಬ ಬೇಟೆಗೆ ಹೊರಡುತ್ತಾನೆ. ಅವನ ಮಗಳು ಅದೇ ಹೊತ್ತಿಗೆ ಹೆರಿಗೆಗೆ ಮನೆಗೆ ಬಂದಿದ್ದಾಳೆ. ಇಬ್ಬರು ಬಸುರಿಯರ ಕಥೆ ಒಂದರ ಪಕ್ಕ ಒಂದು ಸಾಗುತ್ತದೆ. ಉಪದೇಶದ ಅಗತ್ಯವೇ ಇಲ್ಲದ ಕಟ್ಟು ಅದು. ಪೋರ್‌ಬಂದರ್, ದೀವ್, ದ್ವಾರಕಾ, ಓಖಾ, ಕೊನೆಗೆ ಕಡಲಿಲ್ಲದ ಅಹಮದಾಬಾದ್ ಕೂಡ ತಿಮಿಂಗಿಲ ಶಾರ್ಕನ್ನು ತಮ್ಮ ನಗರದ ಲಾಂಛನವಾಗಿ ಸ್ವೀಕರಿಸಿದವು. ಕಾರ್ತಿಕ ಅಮಾವಾಸ್ಯೆಯನ್ನು ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ದಿನವಾಗಿ ಆಚರಿಸುತ್ತಾರೆ. ಅಂತರರಾಷ್ಟ್ರೀಯ ದಿನ ಆಗಸ್ಟ್ 30 ಬೇರೆಯೇ ಇದೆ. ಪಂಚಾಂಗದ ತಿಥಿಯನ್ನು ಆರಿಸಿಕೊಂಡದ್ದು ಊರಿನವರಿಗೆ ಅದನ್ನು ಹಬ್ಬದ ಸಾಲಿಗೆ ಸೇರಿಸಿಕೊಳ್ಳಲು ಅನುಕೂಲವಾಯಿತು.

ಮನಸ್ಸು ಕರಗಿದರೂ ನಷ್ಟ ಕರಗುವುದಿಲ್ಲ. ತಿಮಿಂಗಿಲ ಶಾರ್ಕ್ ಬಲೆಗೆ ಬೀಳುವುದು ಹೆಚ್ಚಾಗಿ ಬೇರೆ ಮೀನಿಗೆಂದು ರಾತ್ರಿ ಬಿಟ್ಟ ಗಿಲ್‌ನೆಟ್ಟಿನಲ್ಲಿ. ಬಲೆ ತಗುಲಿದ ಮೀನು ಬಿಡಿಸಿಕೊಳ್ಳಲು ಹೊರಳುತ್ತದೆ; ಹೊರಳಿದಷ್ಟೂ ನೈಲಾನ್ ನೂಲು ಮೈಗೆ ಸುತ್ತಿಕೊಳ್ಳುತ್ತದೆ. ಬೆಳಗಿನ ಜಾವ ಬಲೆ ಎಳೆಯಲು ಹೋದಾಗ ಹಗ್ಗ ಜಗ್ಗುವುದಿಲ್ಲ, ಬೋಟೇ ಒಂದು ಬದಿಗೆ ವಾಲುತ್ತದೆ. ಆಗ ಬೋಟಿನ ಮುಖ್ಯಸ್ಥನಾದ ತಾಂಡೇಲನ ಮುಂದೆ ಎರಡು ದಾರಿಗಳಿರುತ್ತವೆ: ಬಲೆ ಉಳಿಸಿಕೊಳ್ಳಲು ಮೀನಿನ ಬಾಲಕ್ಕೆ ಹಗ್ಗ ಬಿಗಿದು ಎಳೆಯುವುದು, ಇಲ್ಲವೇ ಕತ್ತಿ ತೆಗೆದು ಬಲೆ ಕೊಯ್ಯುವುದು. ಮೊದಲನೆಯದರಲ್ಲಿ ಹಿಂದುಮುಂದಾಗಿ ಎಳೆಸಿಕೊಂಡ ಮೀನಿಗೆ ಕಿವಿರಿನಲ್ಲಿ ನೀರು ಸರಿಯಾಗಿ ಹರಿಯದೆ ಪ್ರಾಣಾಪಾಯ. ಎರಡನೆಯದರಲ್ಲಿ ಸಾಲ ಮಾಡಿ ತಂದ ಬಲೆ ಹೋಗುತ್ತದೆ, ಅಂದಿನ ಸಂಪಾದನೆಯೂ ಹೋಗುತ್ತದೆ. ಮೀನಿನ ಮೈಗೆ ಗಾಯವಾಗದಂತೆ ಒಂದೊಂದೇ ಸುತ್ತು ಕೊಯ್ದು ಬಿಡಿಸಬೇಕು. ಕೆಲವೊಮ್ಮೆ ಒಬ್ಬಿಬ್ಬರು ನೀರಿಗಿಳಿಯಲೂ ಬೇಕಾಗುತ್ತದೆ. ಕೊನೆಯ ಸುತ್ತು ಕಳಚಿದ ಮೇಲೆ ಮೀನು ಗಾಬರಿಯಿಂದ ಚಿಮ್ಮುವುದಿಲ್ಲ, ಬಾಲವನ್ನು ನಿಧಾನವಾಗಿ ಬೀಸುತ್ತ ಕೆಳಗಿಳಿದು ಕಣ್ಮರೆಯಾಗುತ್ತದೆ.

ಕೊಯ್ದ ಬಲೆಗೆ ಗುಜರಾತ್ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಮಾಡಿತು. ಮೊದಲು ಗರಿಷ್ಠ 25,000 ರೂಪಾಯಿ ಇದ್ದದ್ದು ಮುಂದೆ 50,000ಕ್ಕೆ ಏರಿತು. ಆದರೆ ಇಲಾಖೆಯವರು ಬಂದು ಕಣ್ಣಾರೆ ನೋಡಿ ಬರೆದುಕೊಳ್ಳುವವರೆಗೆ ಮೀನನ್ನು ಬಲೆಯಲ್ಲೇ ಹಿಡಿದಿಟ್ಟುಕೊಳ್ಳಬೇಕಾಗುತ್ತಿತ್ತು. ಕಾಯುವ ಆ ಗಂಟೆಗಳಲ್ಲಿ ಮೀನು ಬಳಲುತ್ತಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಸರಳ: ನೀರಿಗೆ ಕೆಡದ ಕ್ಯಾಮೆರಾಗಳನ್ನು ಮೀನುಗಾರರ ಕೈಗೇ ಕೊಡಲಾಯಿತು. ಮೀನು, ಬಲೆ, ಬಿಡುಗಡೆ ಮೂರನ್ನೂ ಅವರೇ ಫೋಟೋ ತೆಗೆದು ತಂದರೆ ಅದೇ ಸಾಕ್ಷಿ. ಮೀನು ಬಲೆಯಲ್ಲಿರುವ ಹೊತ್ತು ಇದರಿಂದ ಬಹಳ ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾದದ್ದು, ಅನುಮಾನದಿಂದ ಕಾಣಬೇಕಾದವನೆಂದು ಇಲಾಖೆ ಎಣಿಸಿದ್ದ ಮೀನುಗಾರನ ಮಾತಿಗೇ ದಾಖಲೆಯ ಬೆಲೆ ಬಂತು. ಈ ನಂಬಿಕೆಯಿಲ್ಲದೆ ಬೊಂಬೆ, ನಾಟಕಗಳು ಒಂದೆರಡು ವರ್ಷದ ಸಂಭ್ರಮವಾಗಿ ಮುಗಿಯುವ ಸಾಧ್ಯತೆಯೇ ಹೆಚ್ಚಿತ್ತು. ಪರಿಹಾರ ಸಿಗುವುದು ಬಲೆಗೆ ಮಾತ್ರ. ಕಳೆದುಹೋದ ದಿನದ ದುಡಿಮೆಗೆ ಸಿಗುವುದಿಲ್ಲ. ಆ ಭಾಗವನ್ನು ಇಂದಿಗೂ ಮೀನುಗಾರರೇ ಹೊರುತ್ತಿದ್ದಾರೆ, ಮತ್ತು ಅದು ಸಣ್ಣ ತ್ಯಾಗವಲ್ಲ.

ತವರಿಗೆ ಬಂದ ಮಗಳು ಎಂಬ ಹೋಲಿಕೆಗೆ ವಿಜ್ಞಾನದ ಆಧಾರ ಎಷ್ಟು ಎಂಬ ಪ್ರಶ್ನೆ ಬೇರೆ. ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಜಗತ್ತಿನಲ್ಲಿ ಎಲ್ಲಿಯೂ ಯಾರೂ ಕಂಡು ದಾಖಲಿಸಿಲ್ಲ. ಸೌರಾಷ್ಟ್ರದ ನೀರಿನಲ್ಲಿ ಹೆಣ್ಣುಗಳ ಜೊತೆ ಗಂಡುಗಳೂ ಸಿಗುತ್ತವೆ. ಮೇವಿಗಾಗಿ ಬರುತ್ತವೆ ಎನ್ನಲು ಸಾಕಷ್ಟು ಕಾರಣಗಳಿವೆ, ಹೆರಿಗೆಗಾಗಿಯೇ ಬರುತ್ತವೆ ಎನ್ನಲು ಪುರಾವೆ ಸಾಲದು. ಜಾಗೃತಿಯ ಭಾಷೆ ವಿಜ್ಞಾನದ ಭಾಷೆಗಿಂತ ಮುಂದೆ ಓಡುವುದು ಎಲ್ಲೆಡೆ ಒಳ್ಳೆಯದಲ್ಲ. ಇಲ್ಲಿ ಮಾತ್ರ ಜಾಗೃತಿಯೇ ಸಂಶೋಧನೆಗೆ ದಾರಿ ಮಾಡಿತು: ಬಿಡುಗಡೆಯ ಹೊತ್ತಿನಲ್ಲೇ ಮೀನಿನ ಉದ್ದ ಅಳೆದು, ಅಂಗಾಂಶದ ಮಾದರಿ ತೆಗೆದು, 2011ರಿಂದ ಕೆಲವಕ್ಕೆ ಉಪಗ್ರಹ ಟ್ಯಾಗ್ ಕಟ್ಟಿ ಅವುಗಳ ಸಂಚಾರವನ್ನು ಹಿಂಬಾಲಿಸುವ ಕೆಲಸ ಶುರುವಾಯಿತು. ಮೀನುಗಾರರು ಕರೆಯದಿದ್ದರೆ ವಿಜ್ಞಾನಿಗಳಿಗೆ ಮೀನೇ ಸಿಗುತ್ತಿರಲಿಲ್ಲ.

ಸಾಗರ ಸಂರಕ್ಷಣೆಯ ಜಾಗೃತಿಗೆ ಲೋಕದಲ್ಲಿ ಬೇರೆ ಮಾದರಿಗಳೂ ಇವೆ. ರೋಜರ್ ಪೇನ್ 1970ರಲ್ಲಿ ಹೊರತಂದ ಗೂನುಬೆನ್ನಿನ ತಿಮಿಂಗಿಲಗಳ ಹಾಡಿನ ಧ್ವನಿಮುದ್ರಿಕೆ ಪಾಶ್ಚಾತ್ಯ ನಗರವಾಸಿಗಳ ಮನಸ್ಸನ್ನು ಹಿಡಿಯಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಧಾರಕ್ಕೆ ಬರಲು ಹಿನ್ನೆಲೆಯಾದ ಜನಾಭಿಪ್ರಾಯ ಬೆಳೆದದ್ದು ಹಾಗೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ದಡದಲ್ಲಿ ಆರಂಭವಾದ ಕಡಲತೀರ ಸ್ವಚ್ಛತೆ ಈಗ ಪ್ರತಿ ಸೆಪ್ಟೆಂಬರಿನಲ್ಲಿ ಹಲವು ದೇಶಗಳಲ್ಲಿ ನಡೆಯುತ್ತದೆ. ಜೂನ್ 8ನ್ನು ವಿಶ್ವಸಂಸ್ಥೆ 2009ರಿಂದ ವಿಶ್ವ ಸಾಗರ ದಿನವಾಗಿ ಆಚರಿಸುತ್ತಿದೆ. ಚೆನ್ನೈನಲ್ಲಿ ವಿದ್ಯಾರ್ಥಿಗಳು ರಾತ್ರಿ ದಡದುದ್ದಕ್ಕೂ ನಡೆದು ಕಡಲಾಮೆಯ ಮೊಟ್ಟೆಗಳನ್ನು ಕಾಯುತ್ತಾರೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್ ಊರಿನಲ್ಲಿ ಮರಿಗಳು ಕಡಲಿಗಿಳಿಯುವುದನ್ನು ನೋಡಲು ಬರುವ ಪ್ರವಾಸಿಗರು ಊರಿನವರ ಮನೆಗಳಲ್ಲೇ ತಂಗುತ್ತಾರೆ, ಆಮೆಯಿಂದ ಊರಿಗೆ ನಾಲ್ಕು ಕಾಸು ಬರುತ್ತದೆ. ಬಹುಪಾಲು ಕಾರ್ಯಕ್ರಮಗಳು ಮಾತಾಡುವುದು ಕಡಲನ್ನು ದಡದಿಂದ ನೋಡುವವರೊಂದಿಗೆ. ಸೌರಾಷ್ಟ್ರದ ಅಭಿಯಾನ ಮಾತಾಡಿದ್ದು ಕತ್ತಿ ಹಿಡಿದು ಬೋಟಿನ ಮೇಲೆ ನಿಂತವರೊಂದಿಗೆ. ಅದರ ವೈಶಿಷ್ಟ್ಯ ಅಲ್ಲಿದೆ.

ಮುಂದೆ ಈ ಕೆಲಸ ಕೇರಳ, ಲಕ್ಷದ್ವೀಪ, ಕರ್ನಾಟಕಗಳಿಗೂ ವಿಸ್ತರಿಸಿತು. ಕರ್ನಾಟಕದ ಸುಮಾರು 300 ಕಿಲೋಮೀಟರ್ ಕರಾವಳಿಯಲ್ಲೂ ತಿಮಿಂಗಿಲ ಶಾರ್ಕ್ ಬಲೆಗೆ ಬೀಳುವುದುಂಟು. ಇಲ್ಲಿ ಮೀನುಗಾರಿಕೆಯ ಬಗೆಗಳು ಹಲವು: ಟ್ರಾಲ್ ಬೋಟು, ಪರ್ಸೀನ್, ನಾಡದೋಣಿಯ ಬಲೆಗಳು, ದಡದಿಂದ ಹತ್ತಾರು ಜನ ಎಳೆಯುವ ಕೈರಂಪಣಿ. ದಡದ ಸಮೀಪ ಕೈರಂಪಣಿಗೆ ಸಿಕ್ಕ ಮೀನನ್ನು ಬಿಡಿಸುವ ಕ್ರಮವೇ ಬೇರೆ, ಆಳಸಮುದ್ರದ ಬೋಟಿನಲ್ಲಿ ಬಿಡಿಸುವ ಕ್ರಮವೇ ಬೇರೆ. ಬಲೆ ಬೇರೆಯಾದಂತೆ ತರಬೇತಿಯೂ ಬೇರೆಯಾಗಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಕಾಲದಲ್ಲಿ ಯಾಂತ್ರೀಕೃತ ಬೋಟುಗಳೆಲ್ಲ ಬಂದರಿನಲ್ಲಿರುತ್ತವೆ. ತಾಂಡೇಲರೂ ಬೋಟಿನ ಕೆಲಸಗಾರರಾದ ಕಲಾಸಿಗಳೂ ದಡದಲ್ಲಿದ್ದು ಬಲೆ ಹೊಲಿಯುತ್ತ ಕೂರುವ ಆ ಎರಡು ತಿಂಗಳು ಇಂಥ ಮಾತುಕತೆಗೆ ಒದಗುವ ಕಾಲ.

ಬೇಟೆ ನಿಂತರೂ ಮೀನಿನ ಕಷ್ಟ ನಿಂತಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ತಿಮಿಂಗಿಲ ಶಾರ್ಕನ್ನು ಅಪಾಯಕ್ಕೊಳಗಾದ ಪ್ರಭೇದವೆಂದು ಘೋಷಿಸಿತು. ಅದರ ಅಂದಾಜಿನಂತೆ 75 ವರ್ಷಗಳಲ್ಲಿ ಜಗತ್ತಿನಲ್ಲಿ ಇವುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ. ಮೇಲ್ಮೈಯಲ್ಲಿ ಮೆಲ್ಲಗೆ ಈಜುವುದರಿಂದ ಹಡಗುಗಳ ಡಿಕ್ಕಿಗೆ ಸುಲಭವಾಗಿ ಸಿಗುತ್ತವೆ. ಕಡಲಿನಲ್ಲಿ ಬಿಟ್ಟುಹೋದ ಹಳೆಯ ಬಲೆಗಳು ಹಿಡಿಯುವವರಿಲ್ಲದೆಯೂ ಹಿಡಿಯುತ್ತಲೇ ಇರುತ್ತವೆ. ಬಾಯ್ತೆರೆದು ನೀರು ಸೋಸುವ ಜೀವಿಗೆ ಪ್ಲವಕವನ್ನೂ ಪ್ಲಾಸ್ಟಿಕ್ ಚೂರನ್ನೂ ಬೇರ್ಪಡಿಸುವ ಉಪಾಯವಿಲ್ಲ. ಬಲೆ ಕೊಯ್ಯುವುದು ತಾಂಡೇಲನ ಕೈಯಲ್ಲಿತ್ತು. ಈ ಅಪಾಯಗಳು ಹಡಗು ಕಂಪನಿಗಳ, ಬಂದರು ಆಡಳಿತದ, ನದಿಗೆ ಕಸ ಎಸೆಯುವ ಒಳನಾಡಿನ ಊರುಗಳ ಕೈಯಲ್ಲಿವೆ.